ಶಾಲೆಯ ದಾರಿಯಲ್ಲಿ ಮಕ್ಕಳ ಸುರಕ್ಷತೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾಗಿದೆ, ಮಳೆಯೂ ಹಿಡಿದುಕೊಂಡಿದೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ನಮ್ಮ ಗೇಟಿನ ಮುಂದೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. “ಹುಷಾರಾಗಿ ದಾಟು ಕಂದಾ” ಎಂದು ನೀವು ಮನೆಯಲ್ಲಿ ಹೇಳುತ್ತೀರಿ, ನಾವು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳುತ್ತೇವೆ. ಆದರೆ ಹತ್ತು ವರ್ಷದೊಳಗಿನ ಮಗು ಎಷ್ಟೇ ಹುಷಾರಾಗಿದ್ದರೂ ಬರುತ್ತಿರುವ ಗಾಡಿಯ ವೇಗವನ್ನು ಸರಿಯಾಗಿ ಅಂದಾಜು ಮಾಡಲಾರದು. ಹಾಗಾಗಿ ಈ ಪತ್ರದಲ್ಲಿ ಮಕ್ಕಳಿಗಿಂತ ದೊಡ್ಡವರಿಗೆ ಹೇಳುವುದೇ ಹೆಚ್ಚಿದೆ.

ಹತ್ತಿರ ಬರುವ ವಸ್ತು ಕಣ್ಣಿಗೆ ದೊಡ್ಡದಾಗುತ್ತಾ ಹೋಗುತ್ತದೆ. ಅದು ಎಷ್ಟು ಬೇಗ ಹಿಗ್ಗುತ್ತಿದೆ ಎಂಬುದನ್ನು ಹಿಡಿದು ನಮ್ಮ ಮಿದುಳು ವೇಗದ ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿ.ಮೀ. ಮೀರಿ ಬರುವ ಗಾಡಿಯ ಈ ಹಿಗ್ಗುವಿಕೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಂಬುವಷ್ಟರ ಮಟ್ಟಿಗೆ ಕಾಣುವುದಿಲ್ಲ. ಐದು ಸೆಕೆಂಡಿನಲ್ಲಿ ಮಗುವನ್ನು ತಲುಪಲಿರುವ ಎರಡು ಗಾಡಿಗಳಿವೆ ಎಂದುಕೊಳ್ಳಿ. ನಿಧಾನದ್ದು ಹತ್ತಿರದಲ್ಲಿದ್ದು ದೊಡ್ಡದಾಗಿ ಕಾಣುತ್ತದೆ. ವೇಗದ್ದು ಇನ್ನೂ ದೂರದಲ್ಲಿರುವುದರಿಂದ ನಿಂತೇ ಇರುವಂತೆ ತೋರುತ್ತದೆ. ಹೆಚ್ಚು ಅಪಾಯದ ಗಾಡಿಯೇ ಮಗುವಿಗೆ ಕಡಿಮೆ ಅಪಾಯದ್ದಾಗಿ ಕಾಣುವುದು ಹೀಗೆ. ಬೈಕಿನ ಅಗಲ ಕಾರಿಗಿಂತ ಕಡಿಮೆ, ಅದರ ವೇಗ ತಿಳಿಯುವುದು ಇನ್ನೂ ಕಷ್ಟ.

ಇನ್ನೊಂದು ತೊಂದರೆ ಕಾಲಿನದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಪರದೆಯ ಮೇಲೆ ಮೂಡಿಸಿದ ರಸ್ತೆಯಲ್ಲಿ, ಗಂಟೆಗೆ 40 ಕಿ.ಮೀ. ವೇಗದ ಕಾರುಗಳ ನಡುವೆ ಮಕ್ಕಳಿಂದ ಮತ್ತೆ ಮತ್ತೆ ದಾಟಿಸಿ ನೋಡಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಆರು ವರ್ಷದವರು ನೂರಕ್ಕೆ 8 ಸಲ ‘ಡಿಕ್ಕಿ’ಗೆ ಸಿಕ್ಕಿದ್ದರು. ಎಂಟು ವರ್ಷದವರು 6 ಸಲ, ಹತ್ತು ವರ್ಷದವರು 5 ಸಲ, ಹನ್ನೆರಡರವರು 2 ಸಲ. ಹದಿನಾಲ್ಕು ವರ್ಷದವರಲ್ಲಿ ಮತ್ತು ದೊಡ್ಡವರಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಚಿಕ್ಕ ಮಕ್ಕಳು ಗಾಡಿಗಳ ನಡುವಿನ ಜಾಗವನ್ನು ದೊಡ್ಡವರಂತೆಯೇ ಆರಿಸಿಕೊಂಡರೂ ಹೆಜ್ಜೆ ಇಡುವುದು ಅರ್ಧ ಕ್ಷಣ ತಡವಾಗುತ್ತಿತ್ತು. ನಮ್ಮಲ್ಲಿ ಐದನೇ ತರಗತಿ ಮುಟ್ಟುವಷ್ಟರಲ್ಲಿ “ಇನ್ನು ಒಬ್ಬನೇ ಬರಲಿ” ಎಂದು ಬಿಡುವ ರೂಢಿಯಿದೆ. ಗಾಡಿ ಓಡಾಡದ ಓಣಿಯಾದರೆ ಸರಿ. ಹೆದ್ದಾರಿ ದಾಟಬೇಕಾದ ಮಗುವಿಗೆ ಅದು ಬೇಗವಾಯಿತು.

ಈ ವಿಷಯದಲ್ಲಿ ನಿಮ್ಮ ಮಗು ಎಲ್ಲಿಯವರೆಗೆ ಬಂದಿದೆ ಎಂದು ನೀವೇ ಪರೀಕ್ಷಿಸಬಹುದು. ಮಗು ದಾಟುವ ರಸ್ತೆಯ ಅಗಲವನ್ನು ಅಂದಾಜು ಮಾಡಿ, ಎರಡು ಲೇನಿನ ರಸ್ತೆಯಾದರೆ ಹೆಚ್ಚು ಕಡಿಮೆ 7 ಮೀಟರ್. ಅಷ್ಟೇ ದೂರವನ್ನು ಮನೆಯ ಅಂಗಳದಲ್ಲೋ ಓಣಿಯಲ್ಲೋ ಗುರುತು ಮಾಡಿ, ಮಗುವಿನ ಹೆಗಲಿಗೆ ಬ್ಯಾಗು ಹಾಕಿ ಎಂದಿನಂತೆ ನಡೆಸಿ ಸಮಯ ನೋಡಿ. ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ 7 ಸೆಕೆಂಡ್ ಆಗುತ್ತದೆ. ತಡವಾಗಿ ಹೊರಡುವುದಕ್ಕೆಂದು ಇನ್ನೆರಡು ಸೇರಿಸಿ, 9. ಆಮೇಲೆ ರಸ್ತೆ ಬದಿಯಲ್ಲಿ, ಅಂಚಿನಿಂದ ಒಂದೆರಡು ಮೀಟರ್ ಹಿಂದೆ, ಮಗುವಿನ ಮಣಿಕಟ್ಟು ಹಿಡಿದು ನಿಂತುಕೊಳ್ಳಿ. ದಾಟುವುದು ಬೇಡ. “ಈಗ ದಾಟಬಹುದು” ಅನ್ನಿಸಿದಾಗ ಮಗು “ಈಗ” ಎನ್ನಲಿ. ಆ ಕ್ಷಣದಿಂದ ಮುಂದಿನ ಗಾಡಿ ನಿಮ್ಮೆದುರು ಹಾದುಹೋಗುವ ತನಕ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಎಣಿಸಿ. 9ಕ್ಕಿಂತ ಕಡಿಮೆ ಬಂದರೆ ಆ “ಈಗ” ತಪ್ಪು. ಹತ್ತು ಸಲ ಮಾಡಿ ನೋಡಿ, ಒಂದು ತಪ್ಪಿದರೂ ಆ ರಸ್ತೆಯನ್ನು ಮಗು ಒಬ್ಬಂಟಿಯಾಗಿ ದಾಟಬಾರದು. ಗಂಟೆಗೆ 50 ಕಿ.ಮೀ. ಓಡುವ ಗಾಡಿ 9 ಸೆಕೆಂಡಿನಲ್ಲಿ 125 ಮೀಟರ್ ಬರುತ್ತದೆ, ಅಂದರೆ ಮೂರ್ನಾಲ್ಕು ಲೈಟ್ ಕಂಬಗಳಷ್ಟು ದೂರ. ತಿರುವು, ಮರ, ನಿಂತ ಲಾರಿಯಿಂದಾಗಿ ಅಷ್ಟು ದೂರ ಕಾಣದ ಜಾಗದಲ್ಲಿ ಯಾರೇ ಆಗಲಿ ದಾಟುವುದು ಅದೃಷ್ಟದ ಮೇಲೆ.

ದೊಡ್ಡವರಾದ ನಾವು ದಾಟುವ ರೀತಿಯೂ ಮಕ್ಕಳ ಕಣ್ಣಿಗೆ ಬೀಳುತ್ತದೆ. ಒಂದು ಲೇನು ಖಾಲಿಯಾದೊಡನೆ ನುಗ್ಗಿ, ನಡುವೆ ನಿಂತು, ಕೈ ಚಾಚಿ ಮುಂದಿನದನ್ನು ತಡೆಯುತ್ತಾ ಹೋಗುವ ನಮ್ಮ ಪದ್ಧತಿಯನ್ನು ಐಐಟಿ ಬಾಂಬೆಯ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಚಾಲಕನಿಗೆ ನಮ್ಮ ಎತ್ತರ ಕಾಣುತ್ತದೆ, ವೇಗ ತಗ್ಗಿಸುತ್ತಾನೆ. ಮೂರೂವರೆ ಅಡಿಯ ಮಗು ಕಾರಿನ ಹಿಂದಿನಿಂದ ಹೊರಬಂದರೆ ಆ ಲೆಕ್ಕ ನಡೆಯುವುದಿಲ್ಲ. ಮಗು ಜೊತೆಗಿದ್ದಾಗಲಾದರೂ ಈ ಅಭ್ಯಾಸ ಬಿಡಿ.

ಈಗ ವೇಗದ ಮಾತು. ಚಾಲಕ ಕಂಡು ಬ್ರೇಕು ತುಳಿಯುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯುತ್ತದೆ ಎಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿರುವ ಕಾರು 30 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 13 ಮೀಟರ್ ಬೇಕು. 50ರಿಂದ ನಿಲ್ಲಲು 28 ಮೀಟರ್ ಬೇಕು, ಅದರಲ್ಲಿ ಮೊದಲ 14 ಬ್ರೇಕು ಹಿಡಿಯುವ ಮುಂಚಿನದೇ. ಮೊದಲ ಕಾರು ಪೂರ್ತಿ ನಿಂತುಬಿಡುವ ಜಾಗದಲ್ಲಿ ಎರಡನೆಯದು ಇನ್ನೂ 50ರಲ್ಲೇ ಇರುತ್ತದೆ. ಮಳೆಯಲ್ಲಿ, ಟೈರು ಸವೆದಿದ್ದರೆ, ಬ್ರೇಕಿನ ಪಾಲು ಇನ್ನೂ ಉದ್ದವಾಗುತ್ತದೆ. ಅಮೆರಿಕದ ಅಪಘಾತ ದಾಖಲೆಗಳನ್ನು ಆಧರಿಸಿದ 2011ರ ವಿಶ್ಲೇಷಣೆಯೊಂದರಲ್ಲಿ, 37 ಕಿ.ಮೀ. ವೇಗದಲ್ಲಿ ಡಿಕ್ಕಿಯಾದ ಪಾದಚಾರಿ ಸಾಯುವ ಸಾಧ್ಯತೆ ಸರಾಸರಿ ನೂರಕ್ಕೆ 10 ಇದ್ದರೆ, 68 ಕಿ.ಮೀ.ಗೆ ಅದು 50 ಆಗಿತ್ತು. ನಡೆಯುವವರೂ ವಾಹನಗಳೂ ಬೆರೆಯುವ ಕಡೆ ವೇಗಮಿತಿ 30 ಇರಲಿ ಎಂದು, ರಸ್ತೆ ಸುರಕ್ಷತೆಗಾಗಿ ಹಲವು ದೇಶಗಳು ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿರುವುದು ಇಂಥ ಅಂಕಿಗಳನ್ನು ನೋಡಿಯೇ. ಗೇಟಿಗೆ ಇನ್ನೂರು ಮೀಟರ್ ಇರುವಾಗ ನಿಮ್ಮ ಸ್ಪೀಡೋಮೀಟರ್ 30ರ ಕೆಳಗಿರಲಿ. ಬೆಲ್ ಹೊಡೆದಿದ್ದರೂ ಪರವಾಗಿಲ್ಲ. ತಡವಾಗಿ ಬಂದ ಮಗುವಿಗೆ ಮೊದಲ ಪೀರಿಯಡ್‌ನಲ್ಲಿ ಯಾರೂ ಬೈಯುವುದಿಲ್ಲ, ಶಿಕ್ಷಕರಿಗೆ ಹೇಳಿದ್ದೇನೆ.

ವೇಗದಷ್ಟೇ ಮುಖ್ಯವಾದದ್ದು ಗಾಡಿಯ ಮೂತಿ. ತಗ್ಗಿನ ಕಾರು ದೊಡ್ಡವರಿಗೆ ಗುದ್ದಿದರೆ ಕಾಲಿಗೆ ತಗುಲಿ ದೇಹ ಬಾನೆಟ್ಟಿನ ಮೇಲೆ ಉರುಳುತ್ತದೆ. ಅದೇ ಬಂಪರ್ ಚಿಕ್ಕ ಮಗುವಿನ ತೊಡೆಗೆ, ಬಾನೆಟ್ಟಿನ ಅಂಚು ಹೊಟ್ಟೆ-ಎದೆಗೆ ಬಡಿಯುತ್ತದೆ, ಆಮೇಲೆ ತಲೆ ನೆಲಕ್ಕೆ. ತೊಡೆಮೂಳೆ, ಹೊಟ್ಟೆ-ಎದೆ, ತಲೆ, ಈ ಮೂರಕ್ಕೂ ಒಟ್ಟಿಗೆ ಆಗುವ ಗಾಯಕ್ಕೆ ವೈದ್ಯರಲ್ಲಿ ‘ವಾಡೆಲ್ ತ್ರಯ’ ಎಂದೇ ಹೆಸರಿದೆ. ಎತ್ತರದ, ಚಪ್ಪಟೆ ಮೂತಿಯ ಎಸ್‌ಯುವಿ ಅಥವಾ ಬಸ್ಸಾದರೆ ಮಗು ಬಾನೆಟ್ಟಿನ ಮೇಲೆ ಬರುವುದೇ ಇಲ್ಲ, ಮುಂದಕ್ಕೆ ಬಿದ್ದು ಚಕ್ರದಡಿ ಸಿಗುತ್ತದೆ. ಅಂಥ ಗಾಡಿಯ ಸೀಟಿನಲ್ಲಿ ಕುಳಿತವರಿಗೆ ಬಂಪರಿನ ಮುಂದೆಯೇ ನಿಂತ ಯುಕೆಜಿ ಮಗು ಕಾಣುವುದೂ ಇಲ್ಲ.

ಈ ಕಾರಣಕ್ಕೆ ಸೋಮವಾರದಿಂದ ಗೇಟಿನ ಎರಡೂ ಬದಿ ಐವತ್ತು ಮೀಟರಿನೊಳಗೆ ಕಾರು ನಿಲ್ಲಿಸುವಂತಿಲ್ಲ, ರಿವರ್ಸ್ ತೆಗೆಯುವಂತೆಯೂ ಇಲ್ಲ. ಮುಂದೆ ಹೋಗಿ, ಸುತ್ತು ಹಾಕಿ ಬನ್ನಿ. ಮಗುವನ್ನು ಎಡಬದಿಯ ಬಾಗಿಲಿನಿಂದ, ಶಾಲೆ ಇರುವ ಪಕ್ಕದಲ್ಲೇ ಇಳಿಸಿ. ಎದುರು ಬದಿಯಲ್ಲಿ ನಿಂತು “ಬಾ ಬಾ” ಎಂದು ಕೈ ಬೀಸಬೇಡಿ. ಮಗುವಿಗೆ ಆಗ ಅಮ್ಮ ಕಾಣುತ್ತಾಳೆ, ಗಾಡಿ ಕಾಣುವುದಿಲ್ಲ. ಬಸ್ಸಿನಿಂದ ಇಳಿದ ಮಕ್ಕಳು ಬಸ್ಸಿನ ಮುಂದಿನಿಂದಾಗಲಿ ಹಿಂದಿನಿಂದಾಗಲಿ ದಾಟದೆ, ಬಸ್ಸು ಹೊರಟುಹೋಗುವ ತನಕ ಬದಿಯಲ್ಲೇ ನಿಲ್ಲಬೇಕು. ನಿಂತ ಗಾಡಿಗಳ ಸಂದಿನಿಂದಲೇ ದಾಟಬೇಕಾಗಿ ಬಂದರೆ, ಗಾಡಿಯ ಹೊರ ಅಂಚಿಗೆ ಬಂದು ಅಲ್ಲಿ ಇನ್ನೊಮ್ಮೆ ನಿಂತು ನೋಡುವುದನ್ನು ಕಲಿಸಿ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ರಾಂಗ್ ಸೈಡಿನಲ್ಲಿ ಬರುವ ಬೈಕುಗಳ ದೆಸೆಯಿಂದ ನಡುರಸ್ತೆಯಲ್ಲೂ ಎರಡೂ ಕಡೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ 32,825 ಮಂದಿ ಪಾದಚಾರಿಗಳು. ದ್ವಿಚಕ್ರದವರನ್ನೂ ಸೇರಿಸಿದರೆ ಮೂರರಲ್ಲಿ ಸುಮಾರು ಎರಡು ಪಾಲು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರುವುದು ಈ ಎರಡೇ ರೀತಿಯಲ್ಲಿ, ಆದ್ದರಿಂದ ಹೆಲ್ಮೆಟ್ಟಿನ ಬಗ್ಗೆ ಸ್ವಲ್ಪ ವಿವರ.

ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ಟಿನ ಜೊತೆ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿಯೂ ಬೇಕು, ವೇಗ 40 ಮೀರಬಾರದು. ಅಪ್ಪನ ಹೆಲ್ಮೆಟ್ ಮಗುವಿಗೆ ಹಾಕಿದರೆ ಪೊಲೀಸರಿಂದ ತಪ್ಪಿಸಿಕೊಳ್ಳಬಹುದು, ಬಿದ್ದಾಗ ಅದು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಹುಬ್ಬಿನಿಂದ ಎರಡು ಸೆಂ.ಮೀ. ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಂಡು ಹೋಗಿ ಐಎಸ್‌ಐ ಗುರುತಿನದನ್ನು ಕೊಳ್ಳಿ. ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ಒಂದು ಬೆರಳಷ್ಟೇ ಹಿಡಿಸಬೇಕು, ಹಿಂದಿನಿಂದ ಎತ್ತಿ ಮುಂದಕ್ಕೆ ತಳ್ಳಿದರೆ ಕಳಚಿ ಬರಬಾರದು. ಒಳಗಿನ ಥರ್ಮಾಕೋಲಿನಂಥ ಪದರವೇ ಕುಸಿದು ಪೆಟ್ಟು ತಡೆಯುವುದು. ಒಂದು ಸಲ ಜೋರಾಗಿ ಬಡಿದ ಹೆಲ್ಮೆಟ್ಟಿನಲ್ಲಿ ಆ ಪದರ ಆಗಲೇ ಕುಸಿದಿರುತ್ತದೆ, ಹೊರಗೆ ಗೀರು ಕಾಣದಿದ್ದರೂ ಬದಲಾಯಿಸಿ. ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಬರುವವರು ಇದನ್ನು ಗಮನಿಸಿ: 30 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ಮುಂದಿರುವ ಮಗುವಿನ ಮುಖಕ್ಕೆ ಹ್ಯಾಂಡಲ್, ಬೆನ್ನಿಗೆ ನಿಮ್ಮ ಭಾರ.

ಹೈಸ್ಕೂಲಿನ ಮಕ್ಕಳ ಕೈಗೆ ಸ್ಕೂಟರ್ ಕೊಡುವವರಿಗೆ ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ₹25,000 ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೋ ಹುಡುಗಿಗೋ 25 ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಲೈಸೆನ್ಸ್ ಬೇಡದ ಕಡಿಮೆ ವೇಗದ ಎಲೆಕ್ಟ್ರಿಕ್ ಸ್ಕೂಟರನ್ನೂ ಶಾಲೆಯೊಳಗೆ ಬಿಡುವುದಿಲ್ಲ.

ಅಪಘಾತವಾದರೆ 108ಕ್ಕೋ 112ಕ್ಕೋ ಕರೆ ಮಾಡಿ. ಬಿದ್ದ ಮಗುವನ್ನು ತೋಳು ಹಿಡಿದು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಆ ಜಾಗದಲ್ಲಿ ಮತ್ತೆ ಅಪಾಯವಾಗುವ ಹಾಗಿಲ್ಲದಿದ್ದರೆ ಆ್ಯಂಬುಲೆನ್ಸ್ ಬರುವವರೆಗೆ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ಏಳು ದಿನದವರೆಗೆ ₹1.5 ಲಕ್ಷದ ತನಕ ನಗದಿಲ್ಲದ ಚಿಕಿತ್ಸೆ ಇದೆ. ಸಹಾಯ ಮಾಡಿದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಈ ಪತ್ರದ ಜೊತೆ ಒಂದು ಹಾಳೆ ಇಟ್ಟಿದ್ದೇವೆ. ಮಗು ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿ, ದಾಟುವ ಜಾಗಗಳಿಗೆ ಅಡ್ಡಗೆರೆ ಹಾಕಿ, ಮೇಲಿನ ಪರೀಕ್ಷೆಯ ಹತ್ತು ಎಣಿಕೆಗಳನ್ನು ಪಕ್ಕದಲ್ಲಿ ಬರೆದು ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ಕಳುಹಿಸಿ. ಒಂದೇ ದಾರಿಯ ಮಕ್ಕಳನ್ನು ಗುಂಪು ಮಾಡಿ, ಗುಂಪಿಗೊಬ್ಬ ದೊಡ್ಡವರಂತೆ ಸರದಿ ಹಾಕುತ್ತೇವೆ. ವಾರಕ್ಕೆ ಒಂದು ಬೆಳಿಗ್ಗೆ ಬಿಡುವಿರುವವರು ಹಾಳೆಯ ಕೆಳಗೆ ಯಾವ ದಿನ ಎಂದು ಗುರುತು ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು