ಮಗಳಿಗೊಂದು ಪತ್ರ: ಬೀರುವಿನಲ್ಲಿರುವ 240 ಷೇರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ನಿಮ್ಮ ಕಂಪನೀನ ಯಾರೋ ತಗೋತಾರಂತೆ, ಹೌದಾ?" ಅಂತ. ಒಲೆ ಮೇಲೆ ಹಾಲಿತ್ತು, ಏನೋ ಹೇಳಿ ಮುಗಿಸಿಬಿಟ್ಟೆ. ನಿನಗೆ ಸರಿಯಾಗಿ ಹೇಳಬೇಕು ಅನ್ನಿಸಿತು.

ಪೇಪರಿನಲ್ಲಿ ಬಂದಷ್ಟೇ ನಮಗೂ ಗೊತ್ತಿರುವುದು. ಗಾಳಿಸುದ್ದಿ ನಂಬಬೇಡಿ ಅಂತ ಎಚ್‌ಆರ್ ಮೇಲ್ ಕಳಿಸಿದ್ದಾರೆ. ಆದರೂ ಕಾಫಿ ಮೆಷಿನ್ ಹತ್ತಿರ ಅದೇ ಮಾತು. ಮ್ಯಾನೇಜರ್ ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ನಿನ್ನೆ ನೋಡಿದೆ, ಅವರ ಫೋನಿನಲ್ಲೂ ನಮ್ಮ ಷೇರಿನ ಬೆಲೆಯೇ ತೆರೆದಿತ್ತು. ಪಾಪ, ಅವರಿಗೂ ಮೂರು ವರ್ಷದ ಮಗು ಇದೆ. ನಮ್ಮ ಟೀಮಿಗೆ ಹೋದ ತಿಂಗಳು ಹಾಸನದ ಹುಡುಗಿಯೊಬ್ಬಳು ಸೇರಿದ್ದಾಳೆ, ಫ್ರೆಷರ್. "ಮೇಡಂ, ಪಿಜಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ, ಕೊಡಬಾರದಿತ್ತಾ?" ಅಂದಳು. ನೀನೇ ಕೇಳಿದ ಹಾಗಾಯಿತು. ಏನು ಹೇಳಬೇಕೋ ತಿಳಿಯಲಿಲ್ಲ.

2019ರಲ್ಲಿ ಮೈಂಡ್‌ಟ್ರೀ ವಿಷಯ ಆಯಿತಲ್ಲ, ಆಗ ನೀನಿನ್ನೂ ಚಿಕ್ಕವಳು. ನಾನು ದಿನಾ ಓದುತ್ತಿದ್ದೆ. 1999ರಲ್ಲಿ ಹತ್ತು ಜನ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಸಾಫ್ಟ್‌ವೇರ್ ಕಂಪನಿ. ಆದರೆ ಸ್ಥಾಪಕರ ಹತ್ತಿರ ಉಳಿದಿದ್ದ ಷೇರು ಶೇ. 13ರಷ್ಟು ಮಾತ್ರ. ಕಾಫಿ ಡೇ ಸಿದ್ಧಾರ್ಥ ಅವರ ಹತ್ತಿರ ಶೇ. 20ಕ್ಕಿಂತ ಜಾಸ್ತಿ ಇತ್ತು. ಆ ಮಾರ್ಚಿನಲ್ಲಿ ಅವರು ಷೇರಿಗೆ 980 ರೂಪಾಯಿಯಂತೆ ಎಲ್ ಅಂಡ್ ಟಿ ಕಂಪನಿಗೆ ಮಾರಲು ಒಪ್ಪಿದರು. ಸ್ಥಾಪಕರು ಬೇಡವೇ ಬೇಡ ಅಂದರು. ಅವರಲ್ಲೊಬ್ಬರಾದ ಸುಬ್ರತೋ ಬಾಗ್ಚಿ ಒಡಿಶಾ ಸರ್ಕಾರದ ಹುದ್ದೆ ಬಿಟ್ಟು ಓಡಿ ಬಂದರು. ಏನೂ ಆಗಲಿಲ್ಲ. ಜೂನ್ ಮುಗಿಯುವ ಹೊತ್ತಿಗೆ ಶೇ. 60 ಎಲ್ ಅಂಡ್ ಟಿ ಕೈಯಲ್ಲಿತ್ತು. ಕಟ್ಟಿದವರ ಮಾತೇ ನಡೆಯಲಿಲ್ಲ, ನೋಡು. ನಾನಂತೂ ಹದಿನಾರು ವರ್ಷದಿಂದ "ನಮ್ಮ ಕಂಪನಿ" ಅಂತಲೇ ಹೇಳಿಕೊಂಡು ಬಂದವಳು.

ಷೇರುಪೇಟೆ ನೋಡಿಕೊಳ್ಳುವ ಸೆಬಿಯ ನಿಯಮದ ಪ್ರಕಾರ ಕಂಪನಿಯ ಶೇ. 25 ಷೇರು ಮುಟ್ಟಿದವರು ಉಳಿದ ಷೇರುದಾರರಿಂದ ಕನಿಷ್ಠ ಇನ್ನೂ ಶೇ. 26 ಕೊಳ್ಳಲು ಓಪನ್ ಆಫರ್ ಕೊಡಬೇಕು. ಅಂದರೆ ನನ್ನನ್ನೂ ಕೇಳುತ್ತಾರೆ. ಕಂಪನಿ ಕೊಟ್ಟ 240 ಷೇರು ನನ್ನ ಹೆಸರಲ್ಲಿವೆ. ಆ ಪತ್ರ ಬೀರುವಿನಲ್ಲಿ ನಿನ್ನ ಬರ್ತ್ ಸರ್ಟಿಫಿಕೇಟ್ ಜೊತೆ ಒಂದೇ ಕವರಿನಲ್ಲಿದೆ. ರಾತ್ರಿ ತೆಗೆದು ನೋಡಿದೆ. ಕೊಡಬಾರದು ಅನ್ನಿಸುತ್ತದೆ. ಆಮೇಲೆ ನಿನ್ನ ಕೊನೇ ವರ್ಷದ ಫೀಸ್ ನೆನಪಾಗುತ್ತದೆ. ನಾನು ಕೊಡದೇ ಇದ್ದರೂ 240 ಷೇರಿನಿಂದ ಏನೂ ನಿಲ್ಲುವುದಿಲ್ಲ, ಅದೂ ಗೊತ್ತು. ಬೆಲೆ ಚೆನ್ನಾಗಿ ಬಂದರೆ ಕೊಟ್ಟುಬಿಡುತ್ತೇನೆ ಪುಟ್ಟಿ. ನಿನ್ನಪ್ಪನಿಗೂ ಹೇಳಿದ್ದೇನೆ.

ನನ್ನ ಭಯ ಟೀಮಿನದು. ಕೊಳ್ಳುವವರಿಗೂ ಟೆಸ್ಟಿಂಗ್ ಟೀಮ್ ಇರುತ್ತದೆ, ಎರಡು ಯಾಕೆ ಅಂತ ಕೇಳುತ್ತಾರೆ. ನಾವು ಒಂಬತ್ತು ಜನ. ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ನಮ್ಮಷ್ಟು ಚೆನ್ನಾಗಿ ಬಲ್ಲವರು ಇನ್ಯಾರೂ ಇಲ್ಲ. ಅದನ್ನು ಷೇರಿನ ಲೆಕ್ಕದಲ್ಲಿ ಯಾರು ಬರೆಯುತ್ತಾರೆ ಹೇಳು?

ನೀನು ಇಂಟರ್ನ್‌ಶಿಪ್ ಬಿಟ್ಟು ಬರುತ್ತೇನೆ ಅಂದೆಯಲ್ಲ, ಅದು ಮಾತ್ರ ಬೇಡ. ಸುಮ್ನೆ ಓದಿಕೋ.

ಭಾನುವಾರ ಹಾಸನದ ಹುಡುಗಿಯನ್ನು ಊಟಕ್ಕೆ ಕರೆದಿದ್ದೇನೆ, ಅಕ್ಕಿರೊಟ್ಟಿ ಮಾಡುತ್ತೇನೆ. ಮಧ್ಯಾಹ್ನ ಫೋನ್ ಮಾಡು, ಅವಳ ಜೊತೆ ಒಂದೆರಡು ಮಾತಾಡು.

ನಿನ್ನ,
ಅಮ್ಮ