ಪಾಸಾದವಳು ನಾನು, ಓದಿಸಿದ್ದು ಊರ ಗ್ರಂಥಾಲಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಿನಿಂದ ಮನೆಗೆ ಬಂದವರೆಲ್ಲ ನನ್ನ ಗಂಡನಿಗೆ ಅಭಿನಂದನೆ ಹೇಳಿ ಚಹಾ ಕುಡಿದು ಹೋಗುತ್ತಿದ್ದಾರೆ. ನಲವತ್ಮೂರು ವರ್ಷದ ಹೆಂಡತಿಯನ್ನು ಓದಿಸಿದ ಪುಣ್ಯಾತ್ಮ ಎಂದು ಹೊಗಳುತ್ತಾರೆ. ಅವರು ಅಡ್ಡ ಬರಲಿಲ್ಲ, ನಿಜ. ಸಂಜೆ ನಾನು ಎದ್ದು ಹೋದಾಗ ಮಗ್ಗದಲ್ಲಿ ತಾವೇ ಕುಳಿತರು, ಅದೂ ನಿಜ. ಆದರೆ ಓದಿಸಿದ್ದು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಸಲ್ಲಬೇಕಾದವರಿಗೆ ಸಲ್ಲಲಿ ಎಂದು ಈ ಬರಹ.

ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಸುತ್ತಿನ ಊರು. ನೇಯುವುದು ಖಣ, ಅಂದರೆ ಕುಪ್ಪಸದ ಬಟ್ಟೆ. ಹಾಸಿನಲ್ಲಿ ರೇಷ್ಮೆ, ಹೊಕ್ಕಿನಲ್ಲಿ ಹತ್ತಿ. ಒಂಬತ್ತನೇ ತರಗತಿಯಲ್ಲಿದ್ದಾಗ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಒಂದು ಕೈ ಕಡಿಮೆ ಬಿತ್ತು, ಶಾಲೆ ಬಿಟ್ಟೆ. ಮುಂದಿನದು ನಮ್ಮ ಓಣಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಗ್ರಂಥಾಲಯದ ಒಳಗೆ ನಾನು ಕಾಲಿಟ್ಟದ್ದು ಓದಲಿಕ್ಕಲ್ಲ. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಆ ವರ್ಷ, 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರು ಮಾಡಿತು. ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಮನೆಯಲ್ಲಿ ಕುಳಿತು ಕುಳಿತು ತಲೆ ತಿನ್ನುತ್ತಿದ್ದ ಮಗಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿದೆ. ಅಲ್ಲಿಯವರೆಗೆ ಆ ಕೋಣೆ ಎಂದರೆ ಗಂಡಸರು ಪೇಪರ್ ಓದುವ ಜಾಗ ಎಂದೇ ನಮ್ಮ ತಿಳಿವಳಿಕೆ. ಹೆಂಗಸರು ಅದರ ಮುಂದೆ ಹಾಯುವಾಗ ಸೆರಗು ಸರಿಪಡಿಸಿಕೊಂಡು ಬೇಗ ಬೇಗ ನಡೆಯುತ್ತಿದ್ದೆವು.

ಮಗಳು ಕಥೆ ಪುಸ್ತಕ ಹುಡುಕುವಾಗ ನಾನು ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಮೇಲ್ವಿಚಾರಕಿ ಒಂದು ಕುರ್ಚಿ ಎಳೆದು, "ಅಕ್ಕಾ, ಕುಳಿತುಕೊಳ್ಳಿ" ಎಂದರು. ಯಾಕೆ ಬಂದಿರಿ, ಎಷ್ಟು ಓದಿದ್ದೀರಿ ಎಂದು ಕೇಳಲಿಲ್ಲ. ಅದಕ್ಕೇ ಅವರಿಗೆ ನನ್ನ ಮೊದಲ ನಮಸ್ಕಾರ. ಎಷ್ಟು ಓದಿದ್ದೀರಿ ಎಂದು ಅವತ್ತು ಕೇಳಿದ್ದರೆ ನಾನು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆಮೇಲೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಬಹುದು ಎಂದು ಹೇಳಿಕೊಟ್ಟವರೂ ಅವರೇ. ಪಟ್ಟಣದ ಒಂದು ಅಂಗಡಿಯಲ್ಲಿ ಅರ್ಜಿ ತುಂಬಲು ಕೊಟ್ಟರೆ ದುಡ್ಡನ್ನೂ ತೆಗೆದುಕೊಂಡು ನನ್ನ ತಂದೆಯ ಹೆಸರನ್ನೂ ಕೆಡಿಸಿದ್ದರು. ಇವರು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರ ಓದಿಸಿ ಸರಿಪಡಿಸಿದರು. ಪಠ್ಯಪುಸ್ತಕಗಳು, ಪರೀಕ್ಷಾ ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ ಎಂಬುದು ನನಗೆ ತಿಳಿದದ್ದು ಆ ಪರದೆಯ ಮುಂದೆ ಕುಳಿತಾಗ.

ಇನ್ನು ಗ್ರಂಥಾಲಯಕ್ಕೆ ಪೇಪರ್ ಓದಲು ಬರುವ ಅಜ್ಜ. ಹೆಸರು ಹಾಕಿದರೆ ಬೈಯುತ್ತಾರೆ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮೊದಲು ಕೈಗೆತ್ತಿಕೊಳ್ಳುವ ಹಕ್ಕು ತಮ್ಮದೇ ಎಂದು ನಂಬಿರುವವರು. ಕನ್ನಡ ಪರೀಕ್ಷೆಯಲ್ಲಿ ಛಂದಸ್ಸು ಬರುತ್ತದಲ್ಲ, ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳ ಮೇಲೆ ಲಘು ಗುರು ಗುರುತಿಸಿ, ಗಣ ವಿಂಗಡಿಸಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬಲ್ಲಿಗೆ ನನ್ನ ವಿದ್ಯೆ ನಿಂತಿತ್ತು. ಒಂದು ಸಂಜೆ ನಾನು ಬೆರಳು ಮಡಚಿ ಎಣಿಸುವುದನ್ನು ನೋಡಲಾರದೆ ಅಜ್ಜ ಪೇಪರ್ ಕೆಳಗಿಟ್ಟರು. ಭಜನಾ ಮೇಳದಲ್ಲಿ ದಮಡಿ ಬಾರಿಸಿದ ಕೈ ಅದು. ಬೆಂಚಿನ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಬಡಿದು, ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಸಾಲನ್ನು ಹಾಡಿಯೇ ತೋರಿಸಿದರು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಒಂದೂವರೆ ಪಟ್ಟು ಉದ್ದ, ಕೊನೆಗೊಂದು ಗುರು, ಒಟ್ಟು 23. ಮಗ್ಗದ ಸಪ್ಪಳದಲ್ಲಿ ಬೆಳೆದ ಕಿವಿಗೆ ಲೆಕ್ಕ ಬೇಡವಾಯಿತು, ಬಡಿತ ತಪ್ಪಿದರೆ ಥಟ್ಟನೆ ತಿಳಿಯತೊಡಗಿತು. ಪೇಪರ್ ಓದುವ ಕೋಣೆಯಲ್ಲಿ ಹಾಡಬಾರದು ಎಂದು ಯಾರೋ ಆಕ್ಷೇಪ ಎತ್ತಿದರು. ಅಜ್ಜ ಅವರಿಗೂ ಪ್ರಸ್ತಾರ ಹಾಕಲು ಹೇಳಿದರು. ಆಮೇಲೆ ಆಕ್ಷೇಪ ಬರಲಿಲ್ಲ. 125 ಅಂಕದ ಕನ್ನಡದಲ್ಲಿ ನನಗೆ 104 ಬಂದಿವೆ. ಅಜ್ಜ, ಕೆಲವಾದರೂ ನಿಮ್ಮವು.

ಗಣಿತ ಕಲಿಸಿದ್ದು ಮಕ್ಕಳು. ಸಮಾಂತರ ಶ್ರೇಢಿ, ತ್ರಿಕೋನಮಿತಿ ಇವೆಲ್ಲ ನನ್ನ ಕಾಲದಲ್ಲಿ ನಾನು ತಲುಪದೇ ಹೋದ ಊರುಗಳು. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಖಣದ ವಿನ್ಯಾಸದ ಬಗ್ಗೆ ಹೇಳಿ ಎಂದು ಮೇಲ್ವಿಚಾರಕಿ ನನ್ನನ್ನು ನಿಲ್ಲಿಸಿದ್ದರು. ತೇರು, ಆನೆಹೆಜ್ಜೆ ಇವನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸಿ ತೋರಿಸಿದೆ. ಹತ್ತನೇ ತರಗತಿಯ ಹುಡುಗನೊಬ್ಬ, "ಅತ್ತೆ, ಇದು ನಿರ್ದೇಶಾಂಕವೇ ಅಲ್ಲವೇ?" ಎಂದ. ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ನಾನು ಎಣಿಸುವುದನ್ನೇ ಅವನ ಪುಸ್ತಕ ನಿರ್ದೇಶಾಂಕ ಎನ್ನುತ್ತಿತ್ತು. ಅಂದಿನಿಂದ ಅವನು ಮತ್ತು ಅವನ ಗೆಳೆಯರು ನನ್ನ ಮೇಷ್ಟ್ರುಗಳು. ಪಾಠ ಹೇಳುವಾಗ ಕರುಣೆ ಇಲ್ಲದವರು. ಥೇಲ್ಸ್‌ನ ಪ್ರಮೇಯ ಬಾರದಿದ್ದರೆ ಮನೆಗೆ ಬಿಡುತ್ತಿರಲಿಲ್ಲ. ಗಣಿತದಲ್ಲಿ ನಾನು ಪಾಸಾದದ್ದು ಅಂಚಿನಲ್ಲಿ. ಹುಡುಗರಿಗೆ ಅದರಿಂದ ಸ್ವಲ್ಪ ಅವಮಾನವಾಗಿದೆ ಎಂದು ಕೇಳಿದೆ.

ಪುಸ್ತಕ ಕೊಟ್ಟವರಿಗೂ ವಂದನೆ. 'ಪುಸ್ತಕ ಜೋಳಿಗೆ' ಹಿಡಿದು ಮಕ್ಕಳು ಮನೆ ಮನೆಗೆ ಹೋದಾಗ ಹಳೆಯ ಗೈಡು, ನಿಘಂಟು, ಓದಿ ಮುಗಿಸಿದ ಮಾಸಪತ್ರಿಕೆ ಕೊಟ್ಟ ಎಲ್ಲರಿಗೂ. ಕೆಲವರು ಅದರಲ್ಲಿ ಮದುವೆಯ ಕರೆಯೋಲೆಗಳನ್ನೂ ತುಂಬಿ ಕಳಿಸಿದ್ದರು, ಇರಲಿ.

ಓದುವಾಗ ಹಿಂಭಾಗ ಖಾಲಿ ಇರುವ ಹಾಳೆಗೆಂದು ಮನೆ ತೆರಿಗೆಯ ಹಳೆಯ ರಸೀದಿಗಳನ್ನು ತೆಗೆದಿದ್ದೆ. ಅದರಲ್ಲಿ ಸಾಲಾಗಿ ಬರೆದಿರುತ್ತದೆ: ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಮ್ಮ ಮನೆಯವರು ಗ್ರಂಥಾಲಯಕ್ಕೆಂದು ದುಡ್ಡು ಕಟ್ಟುತ್ತಲೇ ಇದ್ದಾರೆ, ನಾನು ಹೊರಗೆ ಬೇಗ ಬೇಗ ನಡೆಯುತ್ತಲೇ ಇದ್ದೆ. ರಾಜ್ಯದ ಗ್ರಂಥಾಲಯ ಕಾಯ್ದೆ 1965ರದಂತೆ, ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು. ಆದ್ದರಿಂದ ಸಂಕೋಚಪಡುವ ಅಕ್ಕತಂಗಿಯರಿಗೆ ಹೇಳುತ್ತೇನೆ, ನೀವು ಯಾರದೋ ಮನೆಗೆ ಹೋಗುತ್ತಿಲ್ಲ. ಬಾಡಿಗೆ ಕಟ್ಟಿ ಆಗಿದೆ, ಹೋಗಿ ಕುಳಿತುಕೊಳ್ಳಿ.

ಪಂಚಾಯಿತಿಯ ಹಿರಿಯರಿಗೂ ಧನ್ಯವಾದ. ಪರೀಕ್ಷೆಯ ತಿಂಗಳಲ್ಲಿ ಸಂಜೆ ದೀಪ ಆರಿಸುವ ಹೊತ್ತನ್ನು ಮುಂದಕ್ಕೆ ಹಾಕಲು ಒಪ್ಪಿದರು. ಆ ತಿಂಗಳಿಗೆ ಮಾತ್ರ ಏಕೆ ಎಂಬುದು ನನ್ನ ಪ್ರಶ್ನೆ. ಮಗ್ಗ, ಹೊಲ, ಒಲೆ ಮುಗಿಸಿ ಹೆಂಗಸರಿಗೆ ಬಿಡುವಾಗುವುದೇ ಆ ಹೊತ್ತಿಗೆ. ಜೊತೆಗೆ ಒಂದು ಶೌಚಾಲಯ ಆಗಬೇಕು, ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಿದ್ದೇನೆ. ಮೇಲ್ವಿಚಾರಕಿಯ ಗೌರವಧನ ತಡವಾಗದಂತೆ ನೋಡಿಕೊಳ್ಳಿ ಎಂಬುದನ್ನೂ ಸೇರಿಸುತ್ತೇನೆ. ಅವರು ತಮಗಾಗಿ ಕೇಳುವವರಲ್ಲ.

ನನ್ನ ಗಣಿತ, ವಿಜ್ಞಾನದ ನೋಟ್‌ಬುಕ್ಕುಗಳು, ಬಿಡಿಸಿದ ಪ್ರಶ್ನೆಪತ್ರಿಕೆಗಳ ಕಟ್ಟು ಗ್ರಂಥಾಲಯದ ಕಿಟಕಿ ಪಕ್ಕದ ಕಪಾಟಿನಲ್ಲಿವೆ. ಕೆಳಗಿನ ಓಣಿಯ ಇಬ್ಬರು ಸೊಸೆಯಂದಿರು ಈಗಾಗಲೇ ಕೇಳಿದ್ದಾರೆ. ಮೂರನೆಯವರು ಯಾರಾದರೂ ಇದ್ದರೆ ಸಂಜೆ ಬನ್ನಿ, ನಾನು ಅಲ್ಲೇ ಇರುತ್ತೇನೆ. ಪಿಯುಸಿಯ ಅರ್ಜಿ ತುಂಬುವುದಿದೆ.