ಭಾನುವಾರದ ಓದುಕೂಟಕ್ಕೆ ಬರೋರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7:30ಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಹತ್ರ ಸೇರೋಣ.

ಟೋಲ್ಕಿನ್ ಬರೆದ ಮೂರು ಸಂಪುಟದ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಈಗಷ್ಟೇ ಶುರು ಮಾಡಿರೋರು ಹಾಬಿಟ್‌ಗಳ (ಕಥೆಯಲ್ಲಿ ಬರೋ ಕುಳ್ಳ ಜನ) ಬಗ್ಗೆ ಇರೋ ಪೀಠಿಕೆ ಬೇಜಾರಾದ್ರೆ ಬಿಟ್ಟು ಮುಂದೆ ಹೋಗಿ. ರಾಜವಂಶ, ಕಾಲಾನುಕ್ರಮ, ಲಿಪಿಗಳ ವಿವರವನ್ನೆಲ್ಲ ಟೋಲ್ಕಿನ್ ಮೂರನೇ ಸಂಪುಟದ ಅನುಬಂಧಕ್ಕೆ ಹಾಕಿದ್ದಾರೆ, ಈಗಲೇ ತಲೆ ಕೆಡಿಸ್ಕೋಬೇಡಿ. ಆದ್ರೆ ಎಲ್ರಾಂಡ್ ಸಭೆಯ ಅಧ್ಯಾಯ ಹಾರಿಸಬೇಡಿ. ಉದ್ದ, ಬರೀ ಮಾತು, ನಿಜ. ಆದ್ರೂ ಇಡೀ ಕಾದಂಬರಿಗೆ ಕೇಂದ್ರವಾದ ಮಾಯಾ ಉಂಗುರದ ಹಿಂದಿನ ಕಥೆ ಬಿಚ್ಚಿಕೊಳ್ಳೋದು ಅಲ್ಲೇ. ಮೊದಲ ಸಂಪುಟದ ಎರಡನೇ ಅಧ್ಯಾಯದಲ್ಲಿ ಮೊದಲು ಆ ಉಂಗುರ ಇಟ್ಕೊಂಡಿದ್ದ ಗೊಲ್ಲಮ್‌ಗೆ ಬಿಲ್ಬೋ ಅನ್ನೋ ಹಾಬಿಟ್ ತೋರಿದ ಕರುಣೆ ಬಗ್ಗೆ ಮಾಂತ್ರಿಕ ಗ್ಯಾಂಡಾಲ್ಫ್ ಹೇಳೋ ಮಾತಿಗೆ ಪೆನ್ಸಿಲ್ ಗುರುತು ಹಾಕಿ. ಅದರ ಫಲ ಸಿಗೋದು ಮೂರನೇ ಸಂಪುಟದಲ್ಲಿ.

ಮುಗಿಸಿರೋರು ದಯವಿಟ್ಟು ಇಲ್ಲಿ ಕೊನೆ ಹೇಳಿಬಿಡಬೇಡಿ!

ಬರೋರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ. ಮಳೆ ಬಂದ್ರೆ ಜಾಗ ಬದಲಾಗುತ್ತೆ, ಇಲ್ಲೇ ತಿಳಿಸ್ತೀನಿ.